ಆಟ-ಕೂಟದ ಕ್ಯಾಸೆಟ್ ಮಾಡಿದ ನನ್ನ ಅನುಭವ

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಆಟ ಅಂದ್ರೆ ಯಕ್ಷಗಾನ, ಕೂಟ ಅಂದ್ರೆ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆ ಅಂತ ಯಾರಿಗೂ ಹೇಳಿ ಕೊಡ್ಬೇಕಿಲ್ಲ. 1988ರಲ್ಲಿ ಮಾವ ದುಬಾಯಿಂದ ಬರುವಾಗ ಒಂದು ಟೇಪ್ ರೆಕಾರ್ಡರ್ ತಂದ್ರು, ಅಲ್ಲಿಂದ ನನ್ನ ಕ್ಯಾಸೆಟ್ ಕೆಲಸ ಶುರು. ಅಂಗಡಿಯಲ್ಲಿ ಸಿಗ್ತಿದ್ದ ಕ್ಯಾಸೆಟಲ್ಲಿ ಭಾಗವತರು ಹಾಡುವ ಪದ, ಪಾತ್ರದವರು ಆಡುವ ಮಾತು ಅಂದ್ರೆ ಅರ್ಥ, ಎಲ್ಲ ಕತ್ತರಿಸಿ ಗಂಟೆಯೊಳಗೆ ಪ್ರಸಂಗ ಮುಗಿಸಿ ಬಿಡ್ತಿದ್ರು, ನನಗೆ ಬೇಕಾದ್ದು ಕೂಟ ನಡೆದ ಹಾಗೇ ಪೂರ್ತಿ. ಯಾಕಂದ್ರೆ ತಾಳಮದ್ದಳೆಯಲ್ಲಿ ಪದ ಪ್ರಸಂಗ ಪುಸ್ತಕದಲ್ಲಿ ಉಂಟು, ಅರ್ಥ ಮಾತ್ರ ಆಗಲೇ ಅಲ್ಲೇ ಹುಟ್ಟುವುದು, ಎದುರಿನ ಅರ್ಥಧಾರಿ ಏನು ಕೇಳಿದ್ರು ಅನ್ನುವುದರ ಮೇಲೆ ಹೋಗ್ತದೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಪಾತ್ರ ನನ್ನತ್ರ ಮೂರು ಕೂಟದ್ದು ಉಂಟು, ಮೂರರಲ್ಲೂ ವಾಲಿ ರಾಮನನ್ನು ಹಿಡಿದು ಕೇಳುವ ದಾರಿ ಬೇರೆ ಬೇರೆ. 2006ರಲ್ಲಿ ಅವರು ಹೋದ ಮೇಲೆ ಆ ಮಾತು ಎಲ್ಲಿಂದ ತರುವುದು?

ಮೊದಲ ಸಲ ಮಾಡಿದ್ದು ಪೂರಾ ಹಾಳಾಯ್ತು. ಆ ಸೆಟ್ಟಲ್ಲಿ ರೆಕಾರ್ಡಿಂಗ್ ಲೆವೆಲ್ ತನ್ನಷ್ಟಕ್ಕೆ ಏರಿ ಇಳೀತದೆ, ನಾವು ತಿರುಗಿಸ್ಲಿಕ್ಕೆ ಇಲ್ಲ. ನಾನು ಸೆಟ್ಟನ್ನು ಚೆಂಡೆಯ ಹತ್ರ ಇಟ್ಟಿದ್ದೆ, ಚೆಂಡೆಗೆ ಒಂದು ಪೆಟ್ಟು ಬಿದ್ದ ಕೂಡ್ಲೆ ಲೆವೆಲ್ ಇಳಿದು ಭಾಗವತರ ಸ್ವರ ಬಾವಿಯೊಳಗೆ ಹೋದ ಹಾಗೆ ಆಗ್ತದೆ, ಚೆಂಡೆ ನಿಂತ್ರೆ ಮೆಲ್ಲ ಮೇಲೆ ಬರ್ತದೆ, ಅದರೊಟ್ಟಿಗೆ ಪಕ್ಕದಲ್ಲಿ ಕಡ್ಲೆ ತಿನ್ನುವವರ ಸದ್ದೂ ಬರ್ತದೆ. ಆಮೇಲೆ ಮೈಕಿನವರ ದೋಸ್ತಿ ಮಾಡಿ ಆಂಪ್ಲಿಫಯರಿಂದಲೇ ಒಂದು ವಯರು ಎಳ್ಕೊಂಡೆ. ನೇರ ಕೊಟ್ಟಾಗ ಸ್ವರ ಒಡೀತಿತ್ತು, ಮಧ್ಯದಲ್ಲಿ ರೆಸಿಸ್ಟರ್ ಬೆಸುಗೆ ಹಾಕಿದ ಮೇಲೆ ಸರಿಯಾಯ್ತು. ಭಾಗವತರ ಹತ್ರ, ಅರ್ಥಧಾರಿಗಳ ಹತ್ರ ಕೂಟಕ್ಕೆ ಮೊದಲೇ ಕೇಳ್ತಿದ್ದೆ, ಯಾರೂ ಬೇಡ ಅಂದದ್ದಿಲ್ಲ. ಒಂದೇ ಒಂದು ಕ್ಯಾಸೆಟ್ ದುಡ್ಡಿಗೆ ಕೊಟ್ಟಿಲ್ಲ.

ಒಂದೂವರೆ ಗಂಟೆಯ ಸಿ-90 ಕ್ಯಾಸೆಟ್ ಮಾತ್ರ ತಗೊಳ್ಳಿ ಅಂತ ಆಗಲೂ ಹೇಳ್ತಿದ್ದೆ, ಈಗಲೂ ಹೇಳ್ತೇನೆ. ಸಿ-120ರ ಟೇಪು ತೆಳು, ರೋಲರಿಗೆ ಸುತ್ತಿಕೊಳ್ತದೆ. ಆದ್ರೆ ಸಿ-90ರಲ್ಲಿ ಒಂದು ಸೈಡಿಗೆ 45 ನಿಮಿಷ, ಕರ್ಣ ಶಲ್ಯರ ಮಾತು ಏರಿದ ಹೊತ್ತಿಗೇ ಟಕ್ ಅಂತ ನಿಂತು ಬಿಡ್ತದೆ. ನಾನು ಮಾಡ್ಕೊಂಡ ಉಪಾಯ ಇಷ್ಟೆ, ವಾಚು ನೋಡ್ತಾ 40 ನಿಮಿಷ ದಾಟಿದ ಮೇಲೆ ಮೊದಲು ಬರುವ ಪದಕ್ಕೇ ಸೈಡು ತಿರುಗಿಸುವುದು, ಟೇಪು ಉಳಿದಿದ್ರೂ ಚಿಂತೆ ಇಲ್ಲ. ಪದ ಪುಸ್ತಕದಲ್ಲಿ ಸಿಗ್ತದೆ, ಅರ್ಥ ಸಿಗುವುದಿಲ್ಲ. ಬಲಿಪ ನಾರಾಯಣ ಭಾಗವತರು ಇದ್ದ ದಿನ ಮಾತ್ರ ಈ ಲೆಕ್ಕ ನಡೀಲಿಲ್ಲ, ನಮ್ಮ ಪಡ್ರೆಯಲ್ಲಿ ಹುಟ್ಟಿದವರು, ಆ ಏರು ಸ್ವರದ ಪದವನ್ನು ಬಿಡುವುದು ಹೇಗೆ? ಅವರ ಪದಕ್ಕೆ ನಾನು ಯಾವತ್ತೂ ಸೈಡು ತಿರುಗಿಸಿದ್ದಿಲ್ಲ.

ಒಂದು ನೋವು ಉಂಟು. ಬೇಕಾದವರೊಬ್ರು ಕೃಷ್ಣ ಸಂಧಾನದ ಕ್ಯಾಸೆಟ್ ಕೇಳಿ ಕೊಡ್ತೇನೆ ಅಂತ ತಗೊಂಡು ಹೋದ್ರು, ವಾಪಸ್ ಬಂದಾಗ ಒಂದು ಸೈಡಲ್ಲಿ ಸಿನೆಮಾ ಹಾಡು. ಕ್ಯಾಸೆಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಚಿಪ್ಪು ಮುರಿದಿದ್ರೆ ರೆಕಾರ್ಡ್ ಬಟನ್ ಒತ್ತಲಿಕ್ಕೇ ಆಗ್ತಿರಲಿಲ್ಲ, ಅದನ್ನು ನಾನು ಮಾಡಿರಲಿಲ್ಲ. ಅವತ್ತಿಂದ ಕೂಟ ಮುಗಿದು ಚಾ ಕುಡಿಯುವ ಮೊದಲು ಚಿಪ್ಪು ಮುರಿಯುವುದು, ಕವರಿನ ಮೇಲೆ ದಿನಾಂಕ, ಜಾಗ, ಪ್ರಸಂಗ, ಯಾರು ಯಾವ ಪಾತ್ರ ಅಂತ ಪೆನ್ಸಿಲಲ್ಲಿ ಬರೆಯುವುದು. ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಹಬ್ಬಿ ಹೋಗ್ತದೆ.

ತೇವ ಟೇಪನ್ನೂ ಬಿಡುವುದಿಲ್ಲ, ಅಂಚಲ್ಲಿ ಬಿಳಿ ಬೂಸ್ಟು ಬರ್ತದೆ. ಹಾಗೇ ಹಾಕಿದ್ರೆ ಬೂಸ್ಟು ಟೇಪ್ ಓದುವ ಹೆಡ್ಡಿಗೆ ಹತ್ತಿ ಇನ್ನೊಂದು ಕ್ಯಾಸೆಟಿಗೂ ಹೋಗ್ತದೆ, ಮೊದಲು ಸ್ಕ್ರೂ ಬಿಚ್ಚಿ ಒರೆಸಬೇಕು. ಈಗ ಕಂಪ್ಯೂಟರಿಗೆ ಹಾಕುವಾಗ ಇನ್ನೊಂದು ಕೆಲಸ ಉಂಟು, ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸ್ತಾ ಕಿವಿಕೊಟ್ಟು ಕೇಳ್ಬೇಕು, ಹಿಮ್ಮೇಳದ ಚಕ್ರತಾಳದ ನಾದ ಒಮ್ಮೆಲೇ ಬಿಡಿಸಿದ ಹಾಗೆ ತಿಳಿಯಾಗ್ತದೆ, ಅಲ್ಲಿಗೆ ನಿಲ್ಲಿಸಿ. ಪ್ರತಿ ಕ್ಯಾಸೆಟಿಗೂ ಬೇರೆ.

ಶೇಣಿಯವರ ಮೂರು ವಾಲಿಯಲ್ಲಿ ಎರಡು ಆಗಿದೆ. ಮೂರನೆಯದರಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಸ್ಪಂಜು ಕಳಚಿ ಬಿದ್ದಿದೆ, ಬೇರೆ ಕ್ಯಾಸೆಟಿನ ಡಬ್ಬಿಗೆ ರೀಲು ಬದಲಿಸ್ಬೇಕು. ಮಳೆ ಬಿಟ್ಟ ಮೇಲೆ ಕೈ ಹಾಕ್ತೇನೆ.