ಕಾರ್ಡ್ ಕೊಳ್ಳುವ ಮೊದಲು ತಂತಿ ಎಣಿಸಿದೆ

ನನ್ನ ಲ್ಯಾಪ್‌ಟಾಪ್ 2016ರದು. ಆರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಚೆನ್ನಾಗೇ ಓಡುತ್ತಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಬೆಂಬಲ ನಿಂತಾಗ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಸಂಜೆ ಹೊತ್ತು ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನಲ್ಲಿ ಗಣಿತ ಹೇಳಿಕೊಡುತ್ತೇನೆ. ತೊಂದರೆ ಇದ್ದದ್ದು ಒಂದೇ. ವಾರದಲ್ಲಿ ಮೂರು ದಿನವಾದರೂ ಯಾರೋ ಒಬ್ಬರು "ಮಿಸ್, ನಿಮ್ಮ ವಾಯ್ಸ್ ಕಟ್ ಕಟ್ ಆಗ್ತಿದೆ" ಅನ್ನುತ್ತಿದ್ದರು.

ಬೀದಿ ಕೊನೆಯ ರಿಪೇರಿ ಅಂಗಡಿಯವರು ನೋಡಿದ ತಕ್ಷಣ "ಹಳೇದಾಯ್ತು ಮೇಡಂ, ಹೊಸದು ತಗೊಂಡ್ಬಿಡಿ" ಅಂದರು. ಬರೀ ಇದೊಂದಕ್ಕಾಗಿ ನಲವತ್ತು ಸಾವಿರ ಹಾಕಲು ನನಗೆ ಮನಸ್ಸಾಗಲಿಲ್ಲ.

ಒಂದು ಭಾನುವಾರ ಕೂತು ಅಳೆದು ನೋಡಿದೆ. ನಮ್ಮದು 100 ಎಂಬಿಪಿಎಸ್ ಫೈಬರ್ ಪ್ಲಾನ್. ಅದೇ ಟೇಬಲ್ ಮೇಲೆ ಫೋನಿಗೆ 93 ಬಂತು, ಲ್ಯಾಪ್‌ಟಾಪಿಗೆ 31. ರೂಟರ್ ಪಕ್ಕಕ್ಕೇ ಒಯ್ದರೂ 38 ದಾಟಲಿಲ್ಲ. ಲ್ಯಾನ್ ಕೇಬಲ್ ಚುಚ್ಚಿದೆ, 94! ಅಂದರೆ ಲೈನಿನದೂ ತಪ್ಪಿಲ್ಲ, ಯಂತ್ರದ್ದೂ ತಪ್ಪಿಲ್ಲ, ತಪ್ಪು ಅದರ ವೈಫೈಯದು. ಬ್ಲೂಟೂತ್ ಹೆಡ್‌ಫೋನ್ ಆನ್ ಮಾಡಿ ಮತ್ತೆ ಅಳೆದಾಗ ಮಾತ್ರ ನಿಜವಾಗಿ ಬೆಚ್ಚಿದೆ. 31 ಇದ್ದದ್ದು 12ಕ್ಕೆ ಇಳಿದಿತ್ತು. ಕ್ಲಾಸ್ ಶುರುವಾದರೆ ನಾನು ಮೊದಲು ಹಾಕಿಕೊಳ್ಳುವುದೇ ಹೆಡ್‌ಫೋನ್, ಅಲ್ವಾ!

ಕಾರಣ ಸರಳ. ನಮ್ಮ ರೂಟರಿನ ವೈಫೈ ಎರಡು ಬಗೆಯ ಅಲೆಗಳಲ್ಲಿ ಓಡುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. ಲ್ಯಾಪ್‌ಟಾಪಿನ ಒಳಗಿದ್ದದ್ದು 2.4 ಮಾತ್ರ ಗೊತ್ತಿರುವ ಅಗ್ಗದ ವೈಫೈ ಕಾರ್ಡ್. ಬ್ಲೂಟೂತ್ ಕೂಡ ಅದೇ 2.4ರಲ್ಲೇ ಓಡುತ್ತದೆ. ಇರುವ ಒಂದೇ ಆಂಟೆನಾವನ್ನು ಇಬ್ಬರೂ ಸರದಿ ಮೇಲೆ ಬಳಸಬೇಕು. ಲಿಂಕ್ ಸ್ಪೀಡ್ (ಕಾರ್ಡಿಗೂ ರೂಟರಿಗೂ ನಡುವಿನ ವೇಗ) ನೋಡಿದರೆ 72 ಎಂದು ತೋರಿಸುತ್ತಿತ್ತು. ಅದರಲ್ಲಿ ಕೈಗೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಇದನ್ನೆಲ್ಲ ಅಳೆಯದೆಯೂ ಪತ್ತೆ ಹಚ್ಚಬಹುದಿತ್ತು ಅನ್ನಿ. ನಮ್ಮ ರೂಟರ್ ಎರಡು ಹೆಸರು ಬಿಡುತ್ತದೆ. ಕೊನೆಯಲ್ಲಿ '5ಜಿ' ಅಂತಿರುವ ಹೆಸರು ಮನೆಯ ಎಲ್ಲ ಫೋನಿಗೂ ಕಾಣುತ್ತದೆ, ನನ್ನ ಲ್ಯಾಪ್‌ಟಾಪಿಗೆ ಒಂದು ದಿನವೂ ಕಂಡಿರಲಿಲ್ಲ. (ಆ 5ಜಿ ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್.)

ಕೇಬಲ್ಲೇ ಎಳೆದುಬಿಡೋಣ ಅನ್ನಿಸಿತು. ಸಾಧ್ಯವಿದ್ದವರಿಗೆ ಈಗಲೂ ನಾನು ಹೇಳುವುದು ಅದನ್ನೇ. ಆದರೆ ರೂಟರ್ ಹಾಲಿನಲ್ಲಿ, ನಾನು ಪಾಠ ಮಾಡುವುದು ಅಡುಗೆಮನೆ ಪಕ್ಕದ ಕೋಣೆಯಲ್ಲಿ. ನಡುವೆ ಎರಡು ಹೊಸ್ತಿಲು, ಓಡಾಡುವ ಅತ್ತೆ. ಯುಎಸ್‌ಬಿ ಡಾಂಗಲ್ (ಹೊರಗಿನಿಂದ ಚುಚ್ಚುವ ಪುಟ್ಟ ವೈಫೈ ಸಾಧನ) ಹಾಕಲು ತೂತು ಖಾಲಿ ಇರಲಿಲ್ಲ. ಪೆನ್ ಟ್ಯಾಬ್ಲೆಟ್, ಮೌಸ್, ವೆಬ್‌ಕ್ಯಾಮ್ ಸೇರಿ ಮೂರನ್ನೂ ಹಿಡಿದುಕೊಂಡಿದ್ದವು.

ಸರಿ, ಕಾರ್ಡ್ ಬದಲಿಸೋಣ. ಯಾವುದು? ಹುಡುಕಿದರೆ ಎಲ್ಲರೂ ಹೇಳುವುದು ಇಂಟೆಲ್ ಎಎಕ್ಸ್200 ಅಥವಾ ಎಎಕ್ಸ್210. 2400 ಎಂಬಿಪಿಎಸ್ ಅಂತ ಬರೆದಿರುತ್ತದೆ, ಬಾಯಲ್ಲಿ ನೀರೂರುತ್ತದೆ. ಆರ್ಡರ್ ಮಾಡುವ ಮೊದಲು ಒಮ್ಮೆ ಬಿಚ್ಚಿ ನೋಡೋಣ ಅಂದುಕೊಂಡದ್ದೇ ಒಳ್ಳೆಯದಾಯಿತು.

ಬ್ಯಾಟರಿ ತೆಗೆದಿಟ್ಟೆ. ಕೆಳಗಿನ ಸ್ಕ್ರೂಗಳಲ್ಲಿ ನಾಲ್ಕು ರಬ್ಬರ್ ಪಟ್ಟಿಯ ಅಡಿ ಅಡಗಿದ್ದವು. ಬಿಚ್ಚಿದ ಸ್ಕ್ರೂ ಇಡಲು ಇಡ್ಲಿ ತಟ್ಟೆ. ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ. ಇದಕ್ಕಿಂತ ಒಳ್ಳೆಯ ಉಪಾಯ ನನಗಿನ್ನೂ ಸಿಕ್ಕಿಲ್ಲ. ಅವಧಿ ಮುಗಿದ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ಸುತ್ತ ಎಳೆದಾಗ ಮುಚ್ಚಳ ಪಟಪಟ ಬಿಟ್ಟುಕೊಂಡಿತು.

ಕಾರ್ಡ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಒಂದೇ ಸ್ಕ್ರೂ. ಅದರ ಮೇಲೆ ಆಂಟೆನಾ ಸಿಕ್ಕಿಸಲು ಎರಡು ಜಾಗ ಇತ್ತು. ಬಂದಿದ್ದ ಆಂಟೆನಾ ತಂತಿ ಮಾತ್ರ ಒಂದೇ, ಕಪ್ಪನೆಯದು. ಎರಡನೆಯದು ಎಲ್ಲಾದರೂ ಟೇಪಿನಡಿ ಮಡಚಿಟ್ಟಿದ್ದಾರೇನೋ ಅಂತ ಟಾರ್ಚ್ ಬಿಟ್ಟು ಹುಡುಕಿದೆ. ಇರಲಿಲ್ಲ.

ಅಲ್ಲಿಗೆ 2400ರ ಕನಸು ಮುಗಿಯಿತು. ಆ ಲೆಕ್ಕ ಎರಡು ಆಂಟೆನಾ ಇರುವವರಿಗೆ, ಅದೂ ರೂಟರ್ ಕೂಡ ವೈಫೈ 6 (ವೈಫೈ 5ರ ನಂತರದ ತಲೆಮಾರು) ಆಗಿದ್ದರೆ. ನನ್ನ ರೂಟರ್ ವೈಫೈ 5, ಪ್ಲಾನ್ 100. ಒಂದೇ ಆಂಟೆನಾದ ವೈಫೈ 5 ಕಾರ್ಡಿಗೂ 433ರ ಲಿಂಕ್ ಸಿಗುತ್ತದೆ. ನನಗೆ ಅದು ಬೇಕಾದಷ್ಟು. ನನ್ನ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ತೆಗೆದು ನೋಡಿದೆ. ಇದೇ ಲ್ಯಾಪ್‌ಟಾಪಿನ ದುಬಾರಿ ಆವೃತ್ತಿಗೆ ಇಂಟೆಲ್ 3165 ಹಾಕಿದ್ದರು. ಅದನ್ನೇ ಆರಿಸಿದೆ.

ಮ್ಯಾನುಯಲ್ ನೋಡಲು ಇನ್ನೊಂದು ಕಾರಣವೂ ಇತ್ತು. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಒಳಗಿನ ತಂತ್ರಾಂಶ) ತನ್ನ ಪಟ್ಟಿಯಲ್ಲಿ ಇಲ್ಲದ ಕಾರ್ಡನ್ನು ಒಪ್ಪುವುದೇ ಇಲ್ಲ. ಕಪ್ಪು ಪರದೆ ಮೇಲೆ ಒಂದು ಸಾಲು ಬರೆದು ನಿಂತುಬಿಡುತ್ತದೆ. ತಂಗಿಯ 2012ರ ಲ್ಯಾಪ್‌ಟಾಪ್ ಅಂಥದ್ದೇ. ಅದಕ್ಕೆ ನಾನು ಕೈ ಹಾಕಲಿಲ್ಲ, ಡಾಂಗಲ್ ಚುಚ್ಚಿ ಕೊಟ್ಟೆ. ಎಎಕ್ಸ್201 ಅಂತ ಇನ್ನೊಂದು ಬರುತ್ತದೆ, ನೋಡಲು 200ರ ಅವಳಿಯ ಹಾಗೆ. ಅದು ನಡೆಯುವುದು ಅದಕ್ಕೆಂದೇ ಮಾಡಿದ ಹೊಸ ಇಂಟೆಲ್ ಯಂತ್ರಗಳಲ್ಲಿ ಮಾತ್ರ. ಅಗ್ಗ ಅಂತ ತಂದರೆ ಹಳೆಯದರಲ್ಲಿ ಸುಮ್ನೆ ಕೂತಿರುತ್ತದೆ.

ಬೆಂಗಳೂರಿಗೆ ಹೋಗಿದ್ದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿರುವ ಎಸ್‌ಪಿ ರೋಡಿಗೆ ಹೋದೆ. 3165 ಕೇಳಿದ್ದಕ್ಕೆ ಅಂಗಡಿ ಹುಡುಗ ನಕ್ಕ. "ಅದ್ಯಾಕೆ ಮೇಡಂ, ಲೇಟೆಸ್ಟ್ ಇದೆ, 1,800, ತಗೊಳ್ಳಿ." ಒಂದೇ ತಂತಿ ಇರುವ ಫೋಟೋ ತೋರಿಸಿದೆ. ಏನೂ ಮಾತಾಡದೆ ಬಿಚ್ಚಿದ ಕಾರ್ಡುಗಳು ತುಂಬಿದ್ದ ಪ್ಲಾಸ್ಟಿಕ್ ಡಬ್ಬಿ ಎಳೆದು ಕೆದಕತೊಡಗಿದ. 450 ಹೇಳಿದ, 400ಕ್ಕೆ ಕೊಟ್ಟ.

ಹಾಕುವಾಗ ಕಷ್ಟ ಆದದ್ದು ಆಂಟೆನಾ ತಂತಿಯೊಂದೇ. ಅದರ ತುದಿಯ ಗುಂಡಿ ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. ತೆಗೆಯುವಾಗ ಉಗುರಿನಿಂದ ನೇರ ಮೇಲಕ್ಕೆ ಎತ್ತಬೇಕು, ತಂತಿ ಹಿಡಿದು ಎಳೆಯಬಾರದು. ಹಾಕುವಾಗ ಸರಿಯಾಗಿ ಮೇಲಿಟ್ಟು ಒತ್ತಬೇಕು. ಎರಡು ಸಲ ಜಾರಿತು, ಮೂರನೇ ಸಲ 'ಟಿಕ್' ಅಂತು. ಲಿನಕ್ಸಿನಲ್ಲಿ ಡ್ರೈವರ್ ಮೊದಲೇ ಇತ್ತು. ಆನ್ ಮಾಡಿದಾಗ '5ಜಿ' ಹೆಸರು ತಾನಾಗೇ ಕಾಣಿಸಿತು.

ಪಾಠದ ಕೋಣೆಯಲ್ಲಿ ಈಗ 88ರಿಂದ 92. ಹೆಡ್‌ಫೋನ್ ಹಾಕಿದರೂ ಅಷ್ಟೇ. ಹಿತ್ತಲ ಕಟ್ಟೆಗೆ ಹೋದರೆ ಮಾತ್ರ 5 ಗಿಗಾಹರ್ಟ್ಸ್ ಗೋಡೆಗಳಲ್ಲೇ ಸೋತುಹೋಗುತ್ತದೆ. ಅಲ್ಲಿ ಮತ್ತೆ 2.4, ಮತ್ತೆ ಹಳೇ ಕತೆ. ಅಲ್ಲಿ ನಾನು ಪಾಠ ಮಾಡುವುದಿಲ್ಲ, ಹಾಗಾಗಿ ಬಿಟ್ಟಿದ್ದೇನೆ.

ಮರುದಿನದ ಕ್ಲಾಸಿನಲ್ಲಿ ವರ್ಗ ಸಮೀಕರಣ ನಡೆಯುತ್ತಿತ್ತು. ಒಬ್ಬ ಹುಡುಗ ಮೈಕ್ ಆನ್ ಮಾಡಿದ. ಮತ್ತೆ ವಾಯ್ಸ್ ಕಟ್ ಆಯಿತೇನೋ ಅಂದುಕೊಂಡೆ.

"ಮಿಸ್, ನಿಮ್ಮನೆ ಕುಕ್ಕರ್ ನಾಲ್ಕು ಸಲ ಕೂಗ್ತು."