ಇಂಗ್ಲೆಂಡಿನಲ್ಲಿ ಕೇಳಿದ ಸೆಕೆಂಡರಿ ಸ್ಕೂಲ್ ಸಿಗಲಿಲ್ಲವೇ? ವಿಶೇಷ ಅಗತ್ಯವಿರುವ ಮಗುವಿಗಾಗಿ ಅಪೀಲ್ ಹಾಕುವುದು ಹೀಗೆ

ಮಾರ್ಚ್ 1ನೇ ತಾರೀಕು ಕೌನ್ಸಿಲ್‌ನಿಂದ ಇಮೇಲ್ ಬರುತ್ತದೆ, ತೆರೆದು ನೋಡಿದರೆ ನೀವು ಕೇಳಿದ ಸ್ಕೂಲಿನ ಹೆಸರೇ ಇಲ್ಲ. ಮಗುವಿಗೆ ಆಟಿಸಂ ಇರಬಹುದು, ಎಡಿಎಚ್‌ಡಿ ಇರಬಹುದು, ಕಿವಿ ಸರಿಯಾಗಿ ಕೇಳಿಸದೆ ಇರಬಹುದು. ಕೊಟ್ಟಿರುವ ಸ್ಕೂಲು ಅವನಿಗೆ ಆಗಿಬರುವುದಿಲ್ಲ ಅಂತ ನಿಮಗೆ ಆಗಲೇ ಗೊತ್ತು. ನನ್ನ ಮಗನ ವಿಷಯದಲ್ಲೂ ಹೀಗೇ ಆಯಿತು. ಆಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ನಿಯಮಗಳು ಬೇರೆ.

ಮೊದಲು ಕೊಟ್ಟಿರುವ ಸೀಟನ್ನು ಒಪ್ಪಿಕೊಳ್ಳಿ. ಹೌದು, ಬೇಡದ ಸ್ಕೂಲೇ ಆದರೂ. ಒಪ್ಪಿಕೊಂಡರೆ ಅಪೀಲ್‌ಗೆ ಬಲ ಇರುವುದಿಲ್ಲ ಅಂತ ತುಂಬಾ ಜನ ಹೆದರುತ್ತಾರೆ, ಅದು ತಪ್ಪು. ಬೇಡ ಅಂದುಬಿಟ್ಟು ಆಮೇಲೆ ಅಪೀಲ್ ಕೂಡ ಸೋತರೆ ಸೆಪ್ಟೆಂಬರ್‌ನಲ್ಲಿ ಮಗುವಿಗೆ ಸ್ಕೂಲೇ ಇರುವುದಿಲ್ಲ ಅಷ್ಟೇ. ಜೊತೆಗೆ ನಿಮಗೆ ಬೇಕಾದ ಸ್ಕೂಲಿನ ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಇದೆಯಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಆ ಪಟ್ಟಿಯನ್ನು ಕಡೇಪಕ್ಷ ಡಿಸೆಂಬರ್ 31ರವರೆಗೆ ಇಟ್ಟುಕೊಳ್ಳಲೇಬೇಕು ಅಂತ ನಿಯಮ ಇದೆ.

ಇಲ್ಲಿಂದ ದಾರಿ ಎರಡಾಗುತ್ತದೆ. ನಿಮ್ಮ ಮಗುವಿಗೆ ಇಎಚ್‌ಸಿಪಿ, ಅಂದರೆ ಶಿಕ್ಷಣ, ಆರೋಗ್ಯ ಮತ್ತು ಆರೈಕೆಗಾಗಿ ಕೌನ್ಸಿಲ್ ಮಾಡಿಕೊಡುವ ಪ್ಲಾನ್ ಇದ್ದರೆ ಅಡ್ಮಿಷನ್ ಅಪೀಲ್ ನಿಮಗಲ್ಲ. ನಿಮ್ಮ ಕೇಸು ಹೋಗುವುದು ಸೆಂಡ್ ಟ್ರಿಬ್ಯೂನಲ್‌ಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳ ಕೇಸು ಕೇಳುವ ನ್ಯಾಯಮಂಡಳಿಗೆ. ಸೆಕೆಂಡರಿಗೆ ಹೋಗುವ ಮಕ್ಕಳ ಪ್ಲಾನನ್ನು ಕೌನ್ಸಿಲ್ ಫೆಬ್ರವರಿ 15ರೊಳಗೆ ಮುಗಿಸಿ, ಸೆಕ್ಷನ್ ಐ ಅನ್ನುವ ಕಡೆ ಸ್ಕೂಲಿನ ಹೆಸರು ಬರೆದು ಕಳಿಸಬೇಕು. ಆ ಹೆಸರು ಒಪ್ಪಿಗೆ ಇಲ್ಲದಿದ್ದರೆ ಪತ್ರದ ತಾರೀಕಿನಿಂದ ಎರಡು ತಿಂಗಳ ಒಳಗೆ ಅಪೀಲ್ ಹಾಕಿ, ಇದಕ್ಕೆ ಫೀಸ್ ಇಲ್ಲ. ತಕರಾರು ಬರೀ ಸ್ಕೂಲಿನ ಹೆಸರಿನ ಬಗ್ಗೆ ಆದರೆ ಮೀಡಿಯೇಷನ್ (ಮಧ್ಯವರ್ತಿಯ ಮೂಲಕ ರಾಜಿ ಮಾತುಕತೆ) ಸರ್ಟಿಫಿಕೇಟ್ ಬೇಡ. ಅಗತ್ಯಗಳನ್ನು ಬರೆದಿರುವ ಸೆಕ್ಷನ್ ಬಿ, ಸಹಾಯವನ್ನು ಬರೆದಿರುವ ಸೆಕ್ಷನ್ ಎಫ್ ಕೂಡ ಸರಿ ಇಲ್ಲದಿದ್ದರೆ ಅದು ಬೇಕು. ಆ ಎರಡನ್ನೂ ಒಂದೊಂದು ಸಾಲು ಬಿಡದೆ ಓದಿ, ಯಾಕೆಂದರೆ ಸ್ಕೂಲಿನ ಆಯ್ಕೆ ನಿಂತಿರುವುದೇ ಅವುಗಳ ಮೇಲೆ. "ಸ್ಕೂಲು ತುಂಬಿದೆ" ಅಂತ ಕೌನ್ಸಿಲ್‌ನವರು ಹೇಳಿದ ತಕ್ಷಣ ಸುಮ್ನಾಗಬೇಡಿ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್ ಪ್ರಕಾರ ನೀವು ಕೇಳಿದ ಸರ್ಕಾರಿ ಸ್ಕೂಲನ್ನು ನಿರಾಕರಿಸಲು ಅದು ಮಗುವಿಗೆ ಹೊಂದುವುದಿಲ್ಲ, ಅಥವಾ ಬೇರೆ ಮಕ್ಕಳ ಓದಿಗೆ ಇಲ್ಲವೇ ಹಣ, ಸೌಕರ್ಯಗಳ ಸರಿಯಾದ ಬಳಕೆಗೆ ಅಡ್ಡಿಯಾಗುತ್ತದೆ ಅಂತ ತೋರಿಸಬೇಕು. ತುಂಬಿದೆ ಅನ್ನುವುದೊಂದೇ ಸಾಲದು.

ಪ್ಲಾನ್ ಇಲ್ಲದ ಮಕ್ಕಳೇ ಜಾಸ್ತಿ. ನನ್ನ ಮಗನಿಗೂ ಇರಲಿಲ್ಲ. ನಿಮ್ಮ ಕೇಸು ಕೇಳುವುದು ಕೌನ್ಸಿಲ್‌ಗೂ ಸ್ಕೂಲಿಗೂ ಸೇರದ ಪ್ಯಾನೆಲ್, ಕನಿಷ್ಠ ಮೂರು ಜನ ಇರುತ್ತಾರೆ. ಸೀಟು ಇಲ್ಲ ಅಂತ ತಿಳಿಸಿದ ದಿನದಿಂದ ಕಡೇಪಕ್ಷ 20 ಶಾಲಾ ದಿನ ನಿಮಗೆ ಸಿಗುತ್ತದೆ, ವಿಚಾರಣೆಯ ತಾರೀಕನ್ನು 10 ಶಾಲಾ ದಿನ ಮೊದಲೇ ತಿಳಿಸಬೇಕು. ಸೀಟು ಕೊಡದ ಪ್ರತಿ ಸ್ಕೂಲಿಗೂ ಬೇರೆ ಬೇರೆ ಅಪೀಲ್ ಹಾಕಬಹುದು.

ಪ್ಯಾನೆಲ್ ಎರಡು ವಿಷಯ ನೋಡುತ್ತದೆ. ಒಂದು, ನಿಯಮದ ಪ್ರಕಾರವೇ ಸೀಟು ಹಂಚಿದ್ದಾರಾ, ಇನ್ನೊಂದು ಮಗು ಬಂದರೆ ಸ್ಕೂಲಿಗೆ ನಿಜವಾಗಿ ತೊಂದರೆಯಾ. ಸ್ಕೂಲಿನ ನಿಯಮದಲ್ಲಿ ವೈದ್ಯಕೀಯ ಅಥವಾ ಸಾಮಾಜಿಕ ಕಾರಣಕ್ಕೆ ಆದ್ಯತೆ ಅಂತ ಇದ್ದು, ನೀವು ಕಳಿಸಿದ ಡಾಕ್ಟರ್ ಪತ್ರವನ್ನು ನೋಡದೇ ಬಿಟ್ಟಿದ್ದರೆ ಅದನ್ನು ಇಲ್ಲೇ ಹೇಳಬೇಕು. ಎರಡನೆಯದು ತಕ್ಕಡಿ ಇದ್ದ ಹಾಗೆ: ಸ್ಕೂಲಿಗಾಗುವ ತೊಂದರೆ ಒಂದು ಕಡೆ, ಸೀಟು ಸಿಗದಿದ್ದರೆ ನಿಮ್ಮ ಮಗುವಿಗಾಗುವ ತೊಂದರೆ ಇನ್ನೊಂದು ಕಡೆ. ನಿಮ್ಮ ಪೂರ್ತಿ ಶ್ರಮ ಈ ಎರಡನೇ ಕಡೆಗೆ ಹೋಗಲಿ.

ನಾನು ಮೊದಲು ಬರೆದ ಪತ್ರ ನೋಡಿದರೆ ಈಗ ಸಂಕಟ ಆಗುತ್ತದೆ. ಮಗ ಬುದ್ಧಿವಂತ, ಲೆಕ್ಕದಲ್ಲಿ ಮುಂದು, ಯಾರಿಗೂ ತೊಂದರೆ ಕೊಡುವುದಿಲ್ಲ, ಅವನಿಗೆ ಗದ್ದಲ ಆಗುವುದಿಲ್ಲ, ಈ ಸ್ಕೂಲು ತುಂಬಾ ಒಳ್ಳೆಯದು. ಅಷ್ಟೇ. ನಮ್ಮ ಮನೆಗಳಲ್ಲಿ ಮಕ್ಕಳ ಕಷ್ಟವನ್ನು ಹೊರಗಿನವರ ಮುಂದೆ ಹೇಳಿ ರೂಢಿ ಇಲ್ಲ ಅಲ್ವಾ. ಆದರೆ ಗದ್ದಲ ಯಾವ ಸ್ಕೂಲಿನಲ್ಲಿ ಇಲ್ಲ? ಸೆಂಕೋ, ಅಂದರೆ ವಿಶೇಷ ಅಗತ್ಯದ ಮಕ್ಕಳ ಜವಾಬ್ದಾರಿ ಹೊತ್ತ ಟೀಚರ್, ಎಲ್ಲ ಸ್ಕೂಲಿನಲ್ಲೂ ಇರುತ್ತಾರೆ. ಹಾಗಾಗಿ "ಇಲ್ಲಿ ಸಪೋರ್ಟ್ ಚೆನ್ನಾಗಿದೆ" ಅಂದರೆ ಪ್ಯಾನೆಲ್‌ಗೆ ಏನೂ ಸಿಗುವುದಿಲ್ಲ.

ಕೊನೆಗೆ ಒಂದು ಹಾಳೆಯ ಮಧ್ಯೆ ಗೆರೆ ಎಳೆದೆ. ಎಡಕ್ಕೆ ಮಗನಿಗೆ ಏನಾಗುತ್ತದೆ, ಬಲಕ್ಕೆ ಅದಕ್ಕೆ ಈ ಸ್ಕೂಲಿನಲ್ಲಿ ಏನಿದೆ. ಎಡಗಡೆ ಹೀಗೆ ಬರೆದೆ: "ಪೀರಿಯಡ್ ಬದಲಾಗುವಾಗ ಕಾರಿಡಾರಿನಲ್ಲಿ ಮಕ್ಕಳು ನುಗ್ಗಿದರೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತುಬಿಡುತ್ತಾನೆ, ಮತ್ತೆ ಮಾತು ಬರಲು ಇಪ್ಪತ್ತು ನಿಮಿಷ ಬೇಕು, ಮುಂದಿನ ಪಾಠ ಅರ್ಧ ಹೋಗಿರುತ್ತದೆ." ಬಲಗಡೆ: "ಈ ಸ್ಕೂಲಿನಲ್ಲಿ ಅಂಥ ಮಕ್ಕಳನ್ನು ಬೆಲ್‌ಗೆ ಐದು ನಿಮಿಷ ಮೊದಲೇ ಬಿಡುತ್ತಾರೆ, ಊಟದ ಹೊತ್ತಿಗೆ ಶಾಂತ ಕೋಣೆ ತೆರೆದಿರುತ್ತದೆ." ಅದರ ಕೆಳಗೆ ಬಸ್ಸು. ಕೊಟ್ಟ ಸ್ಕೂಲಿಗೆ ಎರಡು ಬಸ್ ಬದಲಿಸಬೇಕಿತ್ತು, ಒಂದು ಬಸ್ ತಪ್ಪಿದರೆ ಅವನು ಸ್ಟಾಪಿನಲ್ಲೇ ಕೂತು ಅಳುತ್ತಾನೆ, ಕೇಳಿದ ಸ್ಕೂಲಿಗೆ ನಡೆದೇ ಹೋಗಬಹುದು. ಎಡಗಡೆ ಇರುವುದಕ್ಕೆ ಬಲಗಡೆ ಜೋಡಿ ಸಿಗದಿದ್ದರೆ ಆ ಸಾಲನ್ನು ಹೊಡೆದುಹಾಕಿದೆ. ಪತ್ರ ಎರಡೇ ಪುಟಕ್ಕೆ ಇಳಿಯಿತು.

ಪ್ರತಿ ಸಾಲಿಗೂ ಒಂದು ಕಾಗದದ ಆಧಾರ ಇದ್ದರೆ ಒಳ್ಳೆಯದು. "ಈ ಮಗುವಿಗೆ ಆಟಿಸಂ ಇದೆ" ಅಂತ ಮಾತ್ರ ಇರುವ ಡಾಕ್ಟರ್ ಪತ್ರ ಸಾಕಾಗುವುದಿಲ್ಲ, ಯಾಕೆಂದರೆ ಅದು ಯಾವ ಸ್ಕೂಲಿಗಾದರೂ ಹೊಂದುತ್ತದೆ. ಕಾರಿಡಾರ್, ಬಸ್ಸು, ಹೊಸ ಮುಖಗಳು, ಇವುಗಳಿಂದ ಮಗುವಿಗೆ ಏನಾಗುತ್ತದೆ ಅಂತ ಅವರು ಬರೆದರೆ ಅದಕ್ಕೆ ತೂಕ. ಈಗಿನ ಪ್ರೈಮರಿ ಸ್ಕೂಲಿನ ಸೆಂಕೋ ಬರೆದ ಪತ್ರ ಎಷ್ಟೋ ಸಲ ಡಾಕ್ಟರ್ ಪತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ, ದಿನಾ ನೋಡಿದವರು ಅವರೇ. ಕೊಟ್ಟಿರುವ ಸ್ಕೂಲಿಗೂ ಇಮೇಲ್ ಮಾಡಿ, ಊಟದ ಹೊತ್ತಿನಲ್ಲಿ ಶಾಂತವಾಗಿ ಕೂರಲು ಜಾಗ ಇದೆಯಾ ಅಂತ ನೇರವಾಗಿ ಕೇಳಿ. ಅವರು ಕೊಡುವ ಉತ್ತರವನ್ನೂ ಪತ್ರದ ಜೊತೆ ಲಗತ್ತಿಸಿ. ಆ ಸ್ಕೂಲನ್ನು ಮಾತ್ರ ಬಯ್ಯಬೇಡಿ. ಮಗುವಿನ ತೊಂದರೆ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅಂಗವೈಕಲ್ಯ ಅನ್ನಿಸುವಂತಿದ್ದರೆ ಅದನ್ನೂ ಬರೆಯಿರಿ.

ವಿಚಾರಣೆಗೆ ಒಬ್ಬರೇ ಹೋಗಬೇಡಿ, ಸ್ನೇಹಿತರನ್ನು ಕರೆದುಕೊಂಡು ಹೋಗಬಹುದು. ಇಂಗ್ಲಿಷಿನಲ್ಲಿ ಮಾತಾಡಲು ಕಷ್ಟ ಆದರೆ ಕ್ಲರ್ಕ್‌ಗೆ ಮೊದಲೇ ತಿಳಿಸಿ. ಮೊದಲು ಸ್ಕೂಲಿನವರು ಯಾಕೆ ಜಾಗ ಇಲ್ಲ ಅಂತ ಹೇಳುತ್ತಾರೆ, ನೀವು ಪ್ರಶ್ನೆ ಕೇಳಬಹುದು: ಹಿಂದಿನ ವರ್ಷಗಳಲ್ಲಿ ನಿಗದಿತ ಸಂಖ್ಯೆಗಿಂತ ಜಾಸ್ತಿ ಮಕ್ಕಳನ್ನು ಸೇರಿಸಿಕೊಂಡಿದ್ದೀರಾ, ಆಗ ಏನು ತೊಂದರೆ ಆಯಿತು? ನಿಮ್ಮ ಸರದಿ ಬಂದಾಗ ಗಂಟಲು ಕಟ್ಟಿದರೆ ನಾಚಿಕೆ ಬೇಡ. ನನಗೂ ಕಟ್ಟಿತು, ಬರೆದಿದ್ದನ್ನೇ ನಿಧಾನವಾಗಿ ಓದಿದೆ. ದಾರಿ ಗೊತ್ತಾಗದಿದ್ದರೆ ನಿಮ್ಮ ಕೌನ್ಸಿಲ್ ಪ್ರದೇಶದ ಸೆಂಡಿಯಾಸ್‌ಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳ ಪೋಷಕರಿಗೆ ಸಲಹೆ ಕೊಡುವ ಸೇವೆಗೆ, ಫೋನ್ ಮಾಡಿ, ಅವರ ಸಲಹೆ ಉಚಿತ. ಇಪ್ಸಿಯಾ ಅನ್ನುವ ಚಾರಿಟಿಯವರು ಕಾನೂನಿನ ಮಾಹಿತಿ ಕೊಡುತ್ತಾರೆ.

ಸಾಮಾನ್ಯವಾಗಿ 5 ಶಾಲಾ ದಿನದಲ್ಲಿ ತೀರ್ಪಿನ ಪತ್ರ ಬರುತ್ತದೆ. ಗೆದ್ದರೆ ಸ್ಕೂಲು ಸೇರಿಸಿಕೊಳ್ಳಲೇಬೇಕು. ಸೋತರೆ, ಪರಿಸ್ಥಿತಿ ದೊಡ್ಡದಾಗಿ ಬದಲಾಗದ ಹೊರತು ಅದೇ ವರ್ಷ ಅದೇ ಸ್ಕೂಲಿಗೆ ಮತ್ತೆ ಅಪೀಲ್ ಇಲ್ಲ, ಆದರೆ ವೇಟಿಂಗ್ ಲಿಸ್ಟ್ ಇದ್ದೇ ಇರುತ್ತದೆ. ಇಎಚ್‌ಸಿಪಿಗಾಗಿ ಮೌಲ್ಯಮಾಪನ ಮಾಡಿ ಅಂತ ನೀವೇ ಕೌನ್ಸಿಲ್‌ಗೆ ಬರೆಯಬಹುದು, 6 ವಾರದಲ್ಲಿ ಅವರು ಉತ್ತರ ಕೊಡಬೇಕು. ಯಾವ ಸ್ಕೂಲೇ ಆಗಲಿ, ಬೇಸಿಗೆ ರಜೆಗೆ ಮುಂಚೆ ಅಲ್ಲಿನ ಸೆಂಕೋ ಜೊತೆ ಕೂತು ಮಾತಾಡಿ, ಮಕ್ಕಳಿಲ್ಲದ ಹೊತ್ತಿನಲ್ಲಿ ಒಂದೆರಡು ಸಲ ಮಗುವನ್ನು ಕರೆದುಕೊಂಡು ಬರುತ್ತೇನೆ ಅಂತ ಕೇಳಿ. ಆ ಎರಡು ಪುಟದ ಪತ್ರದ ಒಂದು ಪ್ರತಿ ಅವರ ಕೈಗೂ ಕೊಡಿ.