ಫಿಶಿಂಗ್ ಇಮೇಲ್: ಗುರುತಿಸುವುದು ಹೇಗೆ, ಸಿಕ್ಕಿಬಿದ್ದರೆ ಮಾಡುವುದೇನು
ನಂಬಿಕಸ್ಥ ಸಂಸ್ಥೆಯ ಸೋಗಿನಲ್ಲಿ ಬಂದು ಪಾಸ್‌ವರ್ಡ್‌ನಂಥ ಗುಟ್ಟಿನ ಮಾಹಿತಿಯನ್ನು ಕದಿಯಲು ಯತ್ನಿಸುವ ಮೋಸದ ಪತ್ರವೇ ಫಿಶಿಂಗ್ ಇಮೇಲ್. ಕಳುಹಿಸಿದವರ ಹೆಸರನ್ನು ಯಾರು ಬೇಕಾದರೂ ತಮಗಿಷ್ಟ ಬಂದಂತೆ ನಮೂದಿಸಬಹುದಾದ್ದರಿಂದ, ಆ ಹೆಸರಿನ ಹಿಂದಿರುವ ಪೂರ್ಣ ಇಮೇಲ್ ವಿಳಾಸವನ್ನು, ಅದರಲ್ಲೂ ಅಟ್ (@) ಚಿಹ್ನೆಯ ನಂತರದ ಭಾಗವನ್ನು, ಅಕ್ಷರ ಅಕ್ಷರವಾಗಿ ಓದಬೇಕು. ಇಂಗ್ಲಿಷಿನ ಸಣ್ಣ ಆರ್ ಮತ್ತು ಎನ್ ಒತ್ತೊತ್ತಾಗಿ ಕುಳಿತರೆ ಎಮ್‌ನಂತೆಯೇ ಕಾಣುತ್ತವೆ. ಅವಸರದ ಕಣ್ಣು ಮೋಸಹೋಗುವುದು ಇಲ್ಲಿಯೇ. ‘24 ಗಂಟೆಯೊಳಗೆ ಖಾತೆ ಸ್ಥಗಿತಗೊಳ್ಳಲಿದೆ’ ಎಂಬಂಥ ಬೆದರಿಕೆ ಇದ್ದರಂತೂ ಅದರಲ್ಲಿರುವ ಲಿಂಕನ್ನು ಒತ್ತದೆ, ಸಂಸ್ಥೆಯ ಜಾಲತಾಣದ ವಿಳಾಸವನ್ನು ತಾವೇ ಟೈಪ್ ಮಾಡಿ ಒಳಹೊಕ್ಕು ಪರಿಶೀಲಿಸಬೇಕು. ಭಾಷೆ ಶುದ್ಧವಾಗಿದೆ ಎಂಬುದು ಈಗ ನಂಬಿಕೆಗೆ ಆಧಾರವಲ್ಲ.

ಅನುಮಾನ ಬಂದ ಪತ್ರಕ್ಕೆ ಉತ್ತರಿಸದೆ, ಫಿಶಿಂಗ್ ಎಂದು ವರದಿ ಮಾಡಿ ಅಳಿಸಿದರಾಯಿತು. ಪಾಸ್‌ವರ್ಡ್ ಈಗಾಗಲೇ ಕೊಟ್ಟಿದ್ದರೆ ಕೂಡಲೇ ಅದನ್ನು ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಆಗಿ, ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಸಂಕೇತದಂಥ ಇನ್ನೊಂದು ಪುರಾವೆಯನ್ನೂ ಕೇಳುವ ಎರಡು ಹಂತದ ದೃಢೀಕರಣವನ್ನು ಚಾಲನೆಗೊಳಿಸಬೇಕು. ಬಹಳಷ್ಟು ಜನ ಮರೆಯುವ ಇನ್ನೊಂದು ಕೆಲಸವೆಂದರೆ, ನಿಮ್ಮ ಪತ್ರಗಳನ್ನು ಗುಟ್ಟಾಗಿ ಬೇರೆಡೆಗೆ ರವಾನಿಸುವ ಫಾರ್ವರ್ಡಿಂಗ್ ನಿಯಮವೇನಾದರೂ ಸೆಟ್ಟಿಂಗ್ಸ್‌ನಲ್ಲಿ ಸೇರಿಕೊಂಡಿದೆಯೇ ಎಂದು ನೋಡುವುದು.